ಮುದ್ರಿಕೆಯ ಮೈಮೇಲಿನ ಅಂಕಿಗಳು

ಹಾಡಿನ ಹೆಸರು ಒಂದೇ ಇರಬಹುದು, ಅದು ಹೊರಬಂದ ರೂಪಗಳು ಹತ್ತಾರು. ಯಾವ ಮುದ್ರಣ, ಯಾರು ತಂದದ್ದು, ಯಾವಾಗಿನದು ಎಂಬುದನ್ನು ಹೇಳುವುದು ಮುದ್ರಿಕೆಯ ಮೈಮೇಲಿನ ಅಂಕಿಗಳು. ದೆಹಲಿಯ ಜಾಮಾ ಮಸೀದಿಯ ಮಗ್ಗುಲಿನ ಮೀನಾ ಬಜಾರಿನಲ್ಲೋ, ಚಾಂದನಿ ಚೌಕದ ನ್ಯೂ ಗ್ರಾಮಫೋನ್ ಹೌಸಿನಲ್ಲೋ ಹಳೆಯ ಮುದ್ರಿಕೆಗಳ ರಾಶಿಯ ಮುಂದೆ ಕೂತ ಹೊಸಬರು ಹೊದಿಕೆಯ ಚಿತ್ರ ನೋಡುತ್ತಾರೆ. ಹವ್ಯಾಸ ಬಲಿತವರು ತಟ್ಟೆಯನ್ನು ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು, ಅಂಕಿ ಓದುತ್ತಾರೆ.

78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಇಂಥ ಸಂಖ್ಯೆಗಳು ಎರಡು. ಲೇಬಲ್ಲಿನ ಮೇಲೆ ಅಚ್ಚಾದದ್ದು ಕ್ಯಾಟಲಾಗ್ ಸಂಖ್ಯೆ. ಅದು ಅಂಗಡಿಗೂ ಗಿರಾಕಿಗೂ ಬೇಕಾದದ್ದು. ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪು ಬಳೆಯಲ್ಲಿ ಕೊರೆದದ್ದು ಮ್ಯಾಟ್ರಿಕ್ಸ್ ಸಂಖ್ಯೆ. ಅದು ಕಾರ್ಖಾನೆಯದು, ಒಂದು ಧ್ವನಿಗ್ರಹಣಕ್ಕೆ ಒಂದು. ಗ್ರಾಮಫೋನ್ ಕಂಪನಿಯ ಆರಂಭದ ತಟ್ಟೆಗಳಲ್ಲಿ ಈ ಸಂಖ್ಯೆಯ ಬಾಲಕ್ಕೆ ಅಂಟಿದ ಒಂದು ಅಕ್ಷರವೇ, ಊರೂರು ಸುತ್ತಿ ಹಾಡು ಹಿಡಿದು ತಂದ ಧ್ವನಿತಜ್ಞ ಯಾರು, ತಟ್ಟೆಯ ಅಳತೆ ಎಷ್ಟು ಎಂಬುದನ್ನು ಹೇಳಿಬಿಡುತ್ತದೆ. ಆ ಕಂಪನಿಯ ಧ್ವನಿತಜ್ಞ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೊಲ್ಕತ್ತದಲ್ಲಿ ಧ್ವನಿಗ್ರಹಣ ಮಾಡಿದಾಗ ಈ ದೇಶದಲ್ಲಿ ತಟ್ಟೆ ಒತ್ತುವ ಕಾರ್ಖಾನೆಯೇ ಇರಲಿಲ್ಲ. ಮೇಣದ ಅಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ತಟ್ಟೆಯಾಗಿ ಮರಳುತ್ತಿದ್ದವು. ಅಷ್ಟು ದೂರದ ದಾರಿಯಲ್ಲಿ ಯಾರ ಹಾಡು ಯಾವುದು ಎಂದು ಕಲಸಿಹೋಗದಂತೆ ಕಾದದ್ದು ಆ ಕೊರೆದ ಅಂಕಿ.

ಹೆಸರನ್ನು ನೆಚ್ಚಲಾಗದು ಎಂಬುದಕ್ಕೆ ಕನ್ನಡ ನಾಡಿನದೇ ನಿದರ್ಶನವಿದೆ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮೊದಮೊದಲ ಎಚ್‌ಎಂವಿ ತಟ್ಟೆಗಳ ಮೇಲಿರುವ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ. ಗಂಗೂಬಾಯಿ ಎಂದು ಹುಡುಕಿದವರ ಕೈಗೆ ಅವು ಸಿಕ್ಕುವುದಿಲ್ಲ. ಸಂಖ್ಯೆ ಹಿಡಿದು ಹೊರಟವರಿಗೆ ಸಿಕ್ಕುತ್ತವೆ.

ಎಲ್‌ಪಿ ಕಾಲಕ್ಕೆ ಬಂದರೆ ಅಂಕಿಯ ಮುಂದಿನ ಅಕ್ಷರಗಳೇ ಮಾತಾಡತೊಡಗುತ್ತವೆ. ಎಚ್‌ಎಂವಿಯ ಭಾರತೀಯ ಮುದ್ರಿಕೆಗಳಲ್ಲಿ ಇಎಎಲ್‌ಪಿ ಎಂದಿದ್ದರೆ ಮೋನೊ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ, ಬ್ರಿಜಭೂಷಣ್ ಕಾಬ್ರಾ ಜೊತೆಗೂಡಿದ ‘ಕಾಲ್ ಆಫ್ ದಿ ವ್ಯಾಲಿ’ ಸಂಗ್ರಾಹಕರ ಬಾಯಲ್ಲಿ ಇಸಿಎಸ್‌ಡಿ 2382. ಹೊದಿಕೆಯ ಮೇಲೂ ಲೇಬಲ್ಲಿನ ಮೇಲೂ ಒಂದೇ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಈ ಹವ್ಯಾಸದ ಮೊದಲ ಪಾಠ. ಹಳೆಯ ರಾಶಿಗಳಲ್ಲಿ ಒಂದರ ಅಂಗಿ ಇನ್ನೊಂದರ ಮೈಮೇಲೆ ಇರುವುದೇ ಹೆಚ್ಚು.

ಕ್ಯಾಸೆಟ್ಟಿನ ಕಥೆಯ ದೊಡ್ಡ ಭಾಗ ದೆಹಲಿಯದೇ. ದರಿಯಾಗಂಜಿನಲ್ಲಿ ಹಣ್ಣಿನ ರಸದ ಅಂಗಡಿಯಿದ್ದ ಮನೆತನದ ಗುಲ್ಶನ್ ಕುಮಾರ್ 1983ರಲ್ಲಿ ಟಿ-ಸೀರೀಸ್ ಆರಂಭಿಸಿದರು, ನೋಯಿಡಾ ಅದರ ನೆಲೆಯಾಯಿತು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿದ್ದ ಅವಕಾಶ ಬಳಸಿ, ಹಳೆಯ ಚಿತ್ರಗೀತೆಗಳನ್ನು ಹೊಸ ಗಾಯಕರಿಂದ ಹಾಡಿಸಿದ ಮುದ್ರಿಕೆಗಳು ಧಾರಾಳವಾಗಿ ಬಂದವು. ರಫಿಯವರ ಹಾಡುಗಳನ್ನು ಮತ್ತೆ ಹಾಡಿದ ಸೋನು ನಿಗಮರ ‘ರಫಿ ಕಿ ಯಾದೇಂ’ ಅಂಥದ್ದು. ಹಾಡು ಅದೇ, ರಾಗ ಅದೇ, ಧ್ವನಿಗ್ರಹಣ ಬೇರೆ. ಹಾಡಿನ ಹೆಸರಷ್ಟೇ ಬರೆದಿಟ್ಟ ಪಟ್ಟಿಯಲ್ಲಿ ಎರಡೂ ಒಂದಾಗಿಬಿಡುತ್ತವೆ.

ಮುಂದೆ ಮುದ್ರಿಕೆಗಳ ಬೆನ್ನೇರಿದ ಬಾರ್‌ಕೋಡ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. 1974ರ ಜೂನ್ 26ರಂದು ಅಮೆರಿಕದ ಓಹಾಯೊದ ಒಂದು ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದು ಮೊದಲ ಬಾರಿಗೆ ಯಂತ್ರದ ಕಣ್ಣಿಗೆ ಬಿತ್ತು. ಭಾರತದ ಕಂಪನಿಗಳಿಗೆ ಬಾರ್‌ಕೋಡಿನ ಸಂಖ್ಯೆ ಹಂಚುವ ಜಿಎಸ್‌1 ಇಂಡಿಯಾ 1996ರಿಂದ ಇರುವುದು ನವದೆಹಲಿಯಲ್ಲೇ. 890 ಎಂದು ಶುರುವಾಗುವ ಹದಿಮೂರು ಅಂಕಿಗಳು ಅದರ ಗುರುತು. ವಸ್ತು ಭಾರತದಲ್ಲೇ ತಯಾರಾಯಿತೆಂದು ಅದರ ಅರ್ಥವಲ್ಲ, ಸಂಖ್ಯೆ ಇಲ್ಲಿ ನೋಂದಣಿಯಾಯಿತು ಎಂದಷ್ಟೆ.

ಸರೆಗಮ ಸಿ.ಡಿ.ಗಳ ಬೆನ್ನಮೇಲೆ 8902894 ಎಂಬ ಆರಂಭ ಕಾಣುತ್ತದೆ. ಲೆಕ್ಕಕ್ಕೆಂದು 8902894360654 ತೆಗೆದುಕೊಂಡರೆ, ಕೊನೆಯ 4 ಉಳಿದ ಹನ್ನೆರಡು ಅಂಕಿಗಳ ಕಾವಲುಗಾರ. ಬೆಸ ಸ್ಥಾನದ ಅಂಕಿಗಳ ಮೊತ್ತ 32. ಸಮ ಸ್ಥಾನದವುಗಳ ಮೊತ್ತ 28, ಅದರ ಮೂರರಷ್ಟು 84. ಎರಡೂ ಸೇರಿ 116. ಮುಂದಿನ ಹತ್ತರ ಗುಣಕ 120 ಮುಟ್ಟಲು ಬೇಕಾದದ್ದು 4. ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಸಿಕ್ಕಿಹಾಕಿಸುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಬಹುಪಾಲು ಸಿಕ್ಕಿಬೀಳುತ್ತದೆ. ಅವೆರಡರ ಅಂತರ ಐದಾಗಿದ್ದರೆ ಮಾತ್ರ ನುಸುಳಿಹೋಗುತ್ತದೆ. ಇನ್ನೂ ಸೊಗಸಿನ ಸಂಗತಿ, ಮೊದಲ ಅಂಕಿ 8ಕ್ಕೆ ತನ್ನದೇ ಗೆರೆಗಳಿಲ್ಲ. ಎಡಭಾಗದ ಆರು ಅಂಕಿಗಳನ್ನು ಗೆರೆಯಾಗಿಸುವ ಎರಡು ಬಗೆಗಳಿವೆ. ಯಾವ ಅಂಕಿಗೆ ಯಾವ ಬಗೆ ಎಂಬ ಜೋಡಣೆಯಲ್ಲೇ ಆ ಎಂಟು ಅಡಗಿದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದ ಗಣಿತ ಸಿಕ್ಕುವುದು ಅಪರೂಪ.

ಬಾರ್‌ಕೋಡ್ ಗುರುತಿಸುವುದು ಪೆಟ್ಟಿಗೆಯನ್ನು; ಒಳಗಿನ ಒಂದೊಂದು ಹಾಡಿಗೂ ಬೇರೆ ಗುರುತು ಬೇಕು. ಅದಕ್ಕೆಂದು 1986ರಲ್ಲಿ ಐಎಸ್‌ಒ 3901 ಎಂಬ ಮಾನಕವಾಗಿ ಐಎಸ್‌ಆರ್‌ಸಿ ಬಂತು. ಅದರಲ್ಲಿ ಹನ್ನೆರಡು ಅಕ್ಷರ-ಅಂಕಿಗಳು: ದೇಶಕ್ಕೆ ಎರಡು, ನೋಂದಾಯಿತ ಸಂಸ್ಥೆಗೆ ಮೂರು, ವರ್ಷಕ್ಕೆ ಎರಡು, ಧ್ವನಿಗ್ರಹಣಕ್ಕೆ ಐದು. ಒಂದು ಚಿತ್ರಗೀತೆ ಮೂಲ ಆಲ್ಬಮ್ಮಿನಲ್ಲೂ, ಆಮೇಲಿನ ಹತ್ತು ಆಯ್ದ ಗೀತೆಗಳ ಸಂಕಲನಗಳಲ್ಲೂ ಒಂದೇ ಐಎಸ್‌ಆರ್‌ಸಿ ಹೊತ್ತಿರಬೇಕು, ಬಾರ್‌ಕೋಡ್ ಮಾತ್ರ ಪ್ರತಿಯೊಂದಕ್ಕೂ ಬೇರೆ. ರಫಿಯವರು ಹಾಡಿದ್ದಕ್ಕೂ ಸೋನು ಹಾಡಿದ್ದಕ್ಕೂ ಒಂದೇ ಐಎಸ್‌ಆರ್‌ಸಿ ಕೊಡುವಂತಿಲ್ಲ.

ಇಲ್ಲಿ ಎಡವುವವರು ಬಹಳ. ವರ್ಷದ ಎರಡು ಅಂಕಿ ಹಾಡಿದ ವರ್ಷವಲ್ಲ, ಸಂಖ್ಯೆ ಕೊಟ್ಟ ವರ್ಷ. 1955ರ ಹಾಡಿಗೆ 2003ರಲ್ಲಿ ಸಂಖ್ಯೆ ಸಿಕ್ಕಿದ್ದರೆ ಅಲ್ಲಿರುವುದು 03. ದೇಶದ ಅಕ್ಷರಗಳೂ ಹಾಗೆಯೇ. ಗುರುಗ್ರಾಮದ ಮನೆಯೊಂದರ ಕೋಣೆಯಲ್ಲಿ ಹಾಡಿದ್ದು ಅಮೆರಿಕದ ವಿತರಕರ ಮೂಲಕ ಹೊರಬಂದರೆ ಐಎನ್ ಬದಲು ಕ್ಯೂಜಡ್ ಎಂದು ಶುರುವಾಗಬಹುದು.

ಸಿ.ಡಿ.ಯ ಒಳಗೂ ಈ ಗುರುತುಗಳಿಗೆ ಜಾಗವಿದೆ. ಸಂಗೀತದ ಜೊತೆಗೇ ಹರಿಯುವ ಕ್ಯೂ ಎಂಬ ಉಪವಾಹಿನಿಯಲ್ಲಿ ಹಾಡುಗಳ ಐಎಸ್‌ಆರ್‌ಸಿಯನ್ನೂ ಇಡೀ ಮುದ್ರಿಕೆಯ ಹದಿಮೂರು ಅಂಕಿಗಳನ್ನೂ ಬರೆದಿಡಬಹುದು. ಹೊದಿಕೆ ಕಳೆದುಹೋದರೂ ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಆದರೆ ಎಷ್ಟೋ ಮುದ್ರಿಕೆಗಳಲ್ಲಿ ಆ ಜಾಗವನ್ನು ತುಂಬದೆ ಬಿಟ್ಟಿರುತ್ತಾರೆ. ಆಗ ಉಳಿಯುವುದು ನಡುವಿನ ತೂತಿನ ಸುತ್ತಲ ಬಳೆ. 1994ರಿಂದೀಚೆಗೆ ಅಲ್ಲಿ ಐಎಫ್‌ಪಿಐ ಎಂಬ ಅಕ್ಷರಗಳ ಪಕ್ಕ ಎರಡು ಪುಟ್ಟ ಗುರುತುಗಳು ಬರತೊಡಗಿದವು: ಎಲ್ ಅಕ್ಷರದಿಂದ ಶುರುವಾಗುವುದು ಮೂಲ ಅಚ್ಚು ಕೊರೆದ ಯಂತ್ರದ್ದು, ಇನ್ನೊಂದು ತಟ್ಟೆ ಒತ್ತಿದ ಅಚ್ಚಿನದು. ಕಳ್ಳಮುದ್ರಣ ತಡೆಯಲೆಂದು ತಂದ ಇವನ್ನು ಓದಲು ಬೇಕಾದದ್ದು ಭೂತಗನ್ನಡಿ, ಜೊತೆಗೆ ಓರೆಯಾಗಿ ಬೀಳುವ ಬೆಳಕು.