ಹಿಮ ಮುಚ್ಚಿದ ಕೆಂಡ

ಒಮ್ಮೆ ಬೆಂಕಿ ಉಗುಳಿದ ಬೆಟ್ಟದ ನೆತ್ತಿಯಿಂದ, ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಮನುಷ್ಯ ಹಿಮದ ಮೇಲೆ ಜಾರುತ್ತಾನೆಂದರೆ ನಂಬುವುದು ಕಷ್ಟ. ಅದೂ ತೆಂಗು ಬೆಳೆಯುವ ದ್ವೀಪದಲ್ಲಿ! ಹವಾಯಿಯ ಮೌನಾ ಕೇಯಾ ಪರ್ವತದಲ್ಲಿ ಈ ಎರಡು ವಿಚಿತ್ರಗಳೂ ಕೂಡಿವೆ. ಹೆಸರಿನ ಅರ್ಥವೇ ‘ಬಿಳಿಯ ಬೆಟ್ಟ’. ಕಡಲ ಮಟ್ಟದಿಂದ ಅದರ ಎತ್ತರ 4,207 ಮೀಟರು. ಕೆಳಗೆ ಕಡಲ ತಡಿಯಲ್ಲಿ ಜನ ಈಜುತ್ತಿರುವಾಗಲೇ, ಚಳಿಗಾಲದ ಬಿರುಗಾಳಿ ಶಿಖರಕ್ಕೆ ಹಿಮ ಹಾಸಿ ಹೋಗಿರುವುದುಂಟು.

ಇಲ್ಲಿ ಜಾರುವವನಿಗೆ ರಾಜೋಪಚಾರವಿಲ್ಲ. ಮೇಲಕ್ಕೆ ಒಯ್ಯುವ ತಂತಿಯ ತೊಟ್ಟಿಲುಗಳಿಲ್ಲ. ಗೆಳೆಯನೊಬ್ಬ ಜೀಪಿನಲ್ಲಿ ಮೇಲೆ ಬಿಟ್ಟು, ಕೆಳಗಿನ ತಿರುವಿನಲ್ಲಿ ಕಾದಿರಬೇಕು. ಮುಂದಿನ ಸರದಿಗೆ ಜಾರಿದವನೇ ಸಾರಥಿ. ಗಾಳಿ ವಿರಳವಾದ್ದರಿಂದ ನಾಲ್ಕು ಹೆಜ್ಜೆಗೇ ಏದುಸಿರು. ಹಿಮ ತೆಳುವಾದೆಡೆ ಕಿಟ್ಟದಂಥ ಕೆಂಗಲ್ಲು ತಲೆಯೆತ್ತಿರುತ್ತದೆ; ಬಿದ್ದವನ ಮೈ ತರಚದೆ ಬಿಡದು.

ದ್ವೀಪದ ಮೂಲನಿವಾಸಿಗಳಿಗೆ ಜಾರಾಟ ಹೊಸದೇನಲ್ಲ. ಹಿಮದ ದೇವಿ ಪೊಲಿಯಾಹು ಈ ಬೆಟ್ಟದ ಇಳಿಜಾರಿನಲ್ಲಿ ಸಖಿಯರೊಡನೆ ಜಾರುಬಂಡಿಯ ಆಟವಾಡುತ್ತಿದ್ದಳಂತೆ. ಬೆಂಕಿಯ ದೇವಿ ಪೆಲೆ ಅಪರಿಚಿತ ಸುಂದರಿಯಾಗಿ ಬಂದು ಪಂದ್ಯಕ್ಕೆ ನಿಂತಳು. ಸೋತೊಡನೆ ಸಿಟ್ಟಿನಿಂದ ನೆಲವನ್ನು ಬಿರಿದು ಬೆಂಕಿಯ ಹೊಳೆ ಹರಿಸಿದಳು. ಪೊಲಿಯಾಹು ಹಿಮ ಸುರಿಸಿ ಆ ಹೊಳೆಯನ್ನು ಕಲ್ಲಾಗಿಸಿದಳು. ಪೆಲೆ ದಕ್ಷಿಣದ ಬೆಟ್ಟಗಳಿಗೆ ಸರಿದಳು. ಕಥೆಯೆಂದು ನಗುವವರು ನೋಡಬೇಕು: ದಕ್ಷಿಣದ ನೆರೆಯ ಮೌನಾ ಲೋವಾ 2022ರಲ್ಲಿಯೂ ಲಾವಾರಸ ಉಕ್ಕಿಸಿತು.

ಮೌನಾ ಕೇಯಾ ಕಡೆಯ ಬಾರಿ ಉರಿದು ಸುಮಾರು 4,500 ವರ್ಷಗಳಾದವು. ಮನುಷ್ಯನ ಲೆಕ್ಕದಲ್ಲಿ ಅದು ಸತ್ತಂತೆಯೇ. ಆದರೆ ಭೂವಿಜ್ಞಾನಿಗಳು ಸತ್ತಿತೆನ್ನುವುದಿಲ್ಲ, ಮಲಗಿದೆ ಎನ್ನುತ್ತಾರೆ, ಮತ್ತೆ ಏಳಬಹುದೆನ್ನುತ್ತಾರೆ. ಬೂದಿ ಮುಚ್ಚಿದ ಕೆಂಡವನ್ನು ಕನ್ನಡಿಗರು ಬಲ್ಲರು. ಇದು ಹಿಮ ಮುಚ್ಚಿದ ಕೆಂಡ.

ಮಲಗಿದ್ದನ್ನು ಸತ್ತದ್ದೆಂದು ತಿಳಿದಾಗಲೇ ಮನುಷ್ಯನ ನಡೆ ಬದಲಾಗುತ್ತದೆ. ಸತ್ತದ್ದು ಬರಿಯ ನೆಲ, ಅಳೆಯಬಹುದು, ಅಗೆಯಬಹುದು. ಆ ಜನರಿಗಾದರೋ ಶಿಖರ ದೇವತೆಗಳ ನೆಲೆ. ಈಗಾಗಲೇ ಹಲವು ದೂರದರ್ಶಕಗಳಿರುವ ಅಲ್ಲಿ ಮತ್ತೊಂದು ಬೃಹತ್ ದೂರದರ್ಶಕ ಏಳಬಾರದೆಂದು 2019ರಲ್ಲಿ ಅವರ ಹಿರಿಯರು ಬೆಟ್ಟದ ದಾರಿಗೇ ಅಡ್ಡವಾಗಿ ಕುಳಿತರು. ನಕ್ಷತ್ರಗಳ ಮೇಲೆ ಅವರಿಗೆ ಹಗೆಯಿರಲಿಲ್ಲ. ತಮ್ಮ ಬೆಟ್ಟವನ್ನು ಯಾರೂ ಕೇಳಲಿಲ್ಲವೆಂಬ ನೋವಿತ್ತು.

ಜಾರಾಟ ಪಾಪವಲ್ಲ; ದೇವಿಯೇ ಆಡಿದ ಆಟವದು. ಆದರೆ ಮನೆಯ ಹಿರಿಯರು ಮಲಗಿರುವಾಗ ಅಂಗಳದ ಮಕ್ಕಳು ದನಿ ತಗ್ಗಿಸಿ ಆಡುತ್ತಾರೆ. ಅಷ್ಟು ಮರ್ಯಾದೆ ತಿಳಿದವನಿಗೆ ಆ ಬಿಳಿಯ ಇಳಿಜಾರು ಇನ್ನಷ್ಟು ಸೊಗಸಾಗಿಯೇ ಕಂಡೀತು.