ಒಂದು ಕಾರಿನ ಕಥೆ-ವ್ಯಥೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ, ಅನಂತರ ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಬೋಧಿಸಿ ನಿವೃತ್ತರಾದ ನಾವು ಕಾರಿನ ಸ್ಪ್ರಿಂಗುಗಳನ್ನು ಕುರಿತು ಲೇಖನ ಬರೆಯುತ್ತೇವೆಂದರೆ ಓದುಗ ಬಂಧುಗಳು ನಕ್ಕಾರು. ನಗಲಿ. ನಮಗೆ ಕಾರು ನಡೆಸಲು ಇಂದಿಗೂ ಬಾರದು. ಆದರೆ ಕಳೆದ ಎರಡು-ಮೂರು ವರ್ಷಗಳಿಂದ ಈ ವಿಷಯವು ನಮ್ಮ ಮನೆಯ ಪಡಸಾಲೆಯಲ್ಲಿ ಬಂದು ಕುಳಿತಿದೆ. ಊಟದ ಹೊತ್ತಿನ ಮಾತಾಗಿ, ಜಗಳವಾಗಿ, ಒಬ್ಬರ ಕಣ್ಣೀರಾಗಿ, ಕಡೆಗೆ ನಮ್ಮ ಕೈಗೇ ಒಂದು ಲೆಕ್ಕದ ವಹಿಯನ್ನು ಕೊಟ್ಟಿದೆ. ಅದರಲ್ಲಿ ನಮ್ಮ ತಪ್ಪೂ ಒಂದಿಷ್ಟು ಇರುವುದರಿಂದ ಮುಚ್ಚಿಡದೆ ಬರೆಯುತ್ತಿದ್ದೇವೆ.

ನಮ್ಮ ತಮ್ಮ 2013ರಲ್ಲಿ ಒಂದು ಮಾರುತಿ ಸ್ವಿಫ್ಟ್ ಕಾರನ್ನು ಕೊಂಡ. ನಾಲ್ಕು ವರ್ಷಗಳಲ್ಲಿ ಹೃದಯಾಘಾತದಿಂದ ಲಿಂಗೈಕ್ಯನಾದ. ಆಗ ಅವನ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಇಂದು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ನೌಕರಿಯಲ್ಲಿದ್ದಾನೆ. ತಾಯಿಮಗ ಇಬ್ಬರೂ ಧಾರವಾಡದಲ್ಲಿ ನಮ್ಮೊಡನೆಯೇ ಇದ್ದಾರೆ. ತಂದೆಯಿಲ್ಲದ ಹುಡುಗನೆಂದು ನಾವು ಅವನಿಗೆ ಗಟ್ಟಿಯಾಗಿ ಎರಡು ಮಾತು ಹೇಳಿದವರಲ್ಲ. ಹೀಗಿರಲು ಒಂದು ಸಂಜೆ ಅವನು ಬಂದು, “ದೊಡ್ಡಪ್ಪಾ, ಕಾರಿನ ಸ್ಪ್ರಿಂಗ ಕೆಲಸ ಒಂದ ಐತಿ, ಸ್ವಲ್ಪ ರೊಕ್ಕ ಕಡಿಮಿ ಬಿದ್ದಾವ” ಎಂದ. ಏತಕ್ಕೆ, ಏನು ಎಂದು ಒಂದು ಮಾತನ್ನೂ ಕೇಳದೆ ಕೊಟ್ಟೆವು. ಕೇಳಬೇಕಾಗಿತ್ತು.

ವಿಷಯ ಹೀಗಿತ್ತು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಓಟದ ಪಥವಿದೆ. 2003ರಲ್ಲಿ ಆರಂಭವಾದುದು, ಒಂದು ಸುತ್ತು 2.1 ಕಿ.ಮೀ. ಕೆಲವು ದಿನಗಳಲ್ಲಿ ಹಣ ಕಟ್ಟಿದವರು ತಮ್ಮ ಸ್ವಂತ ಕಾರುಗಳನ್ನೇ ಅಲ್ಲಿ ಓಡಿಸಬಹುದು. ವರ್ಷಕ್ಕೆ ಒಂದೆರಡು ಸಲ ಅಲ್ಲಿಗೆ ಹೋಗಬೇಕೆಂಬುದು ಹುಡುಗನ ಆಸೆ. ತಿರುವಿನಲ್ಲಿ ಕಾರು ಹೊರಳದಂತೆ ಅದನ್ನು ನೆಲಕ್ಕೆ ಹತ್ತಿರ ತರಬೇಕೆಂದು ಗೆಳೆಯರು ಹೇಳಿದರಂತೆ. ಹೊಸ ಸ್ಪ್ರಿಂಗುಗಳಿಗೆ ಬೇಕಾದಷ್ಟು ಹಣ ನಾವು ಕೊಟ್ಟ ಮೇಲೂ ಕೂಡಿರಲಿಲ್ಲ. ಗ್ಯಾರೇಜಿನ ಮಿಸ್ತ್ರಿಯೊಬ್ಬ ಹಳೆಯ ಸ್ಪ್ರಿಂಗುಗಳನ್ನೇ ಒಂದೂವರೆ ಸುತ್ತಿನಷ್ಟು ಕತ್ತರಿಸಿ ಕೂಡಿಸಿಕೊಟ್ಟ. ಕಾರು ಅರವತ್ತು ಮಿ.ಮೀ. ಕೆಳಗೆ ಕುಳಿತಿತು. ಓಣಿಯ ಹುಡುಗರೆಲ್ಲ ಬಂದು ನೋಡಿ ಹೊಗಳಿದರು. ನಾವೂ ಕನ್ನಡಕ ಏರಿಸಿ ನೋಡಿ, “ಚಲೋ ಕಾಣತೈತಿ” ಎಂದು ನುಡಿದದ್ದು ನೆನಪಿದೆ.

ಆ ವರ್ಷದ ಮಾಘದಲ್ಲಿ ಉಳವಿ ಜಾತ್ರೆ ಮುಗಿದ ಮೇಲೆ, ಜನದಟ್ಟಣೆ ಕಡಿಮೆಯಾದ ಹೊತ್ತು ನೋಡಿ, ಹುಡುಗ ತಾಯಿಯನ್ನು ಚನ್ನಬಸವಣ್ಣನವರ ದರ್ಶನಕ್ಕೆ ಕರೆದೊಯ್ದ. ನಮ್ಮ ಭಾಗದ ರೈತರು ಇಂದಿಗೂ ಆ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವುದುಂಟು. ಚಕ್ಕಡಿಗೆ ಸ್ಪ್ರಿಂಗಿಲ್ಲ, ನಿಜ. ಆದರೆ ಕೂಡುವವರ ಕೆಳಗೆ ಮೊಣಕಾಲೆತ್ತರ ಹುಲ್ಲು ಹಾಸಿರುತ್ತಾರೆ, ಎತ್ತುಗಳು ನಡೆಯುವುದೂ ನಿಧಾನ. ಈ ಕಾರಿನಲ್ಲಿ ಹುಲ್ಲೂ ಇರಲಿಲ್ಲ, ನಿಧಾನವೂ ಇರಲಿಲ್ಲ. ಕಾಡಿನ ರಸ್ತೆಯ ತಗ್ಗುಗಳಲ್ಲಿ ಅದು ಕುಣಿಯಿತು. ಪ್ರತಿಯೊಂದು ಉಬ್ಬಿಗೂ ಹೊಟ್ಟೆ ಉಜ್ಜಿತು. ಮರಳಿ ಬರುವಾಗ ಹಳಿಯಾಳದ ಈಚೆ ಹಿಂದಿನ ಚಕ್ರವೊಂದು ತಗ್ಗಿನಲ್ಲಿ ಇಳಿದಾಗ ಸ್ಪ್ರಿಂಗು ತನ್ನ ನೆಲೆಯಿಂದಲೇ ಜಾರಿ ಹೊರಬಿತ್ತು. ವೇಗ ಕಡಿಮೆಯಿದ್ದುದರಿಂದ ಕಾರು ಒಂದು ಕಡೆಗೆ ವಾಲಿ ನಿಂತಿತು, ಅಷ್ಟೆ. ಹೆದ್ದಾರಿಯಲ್ಲಾಗಿದ್ದರೆ ಏನಾಗುತ್ತಿತ್ತೆಂದು ನಾವು ಹೇಳಬೇಕಾಗಿಲ್ಲ.

ತಾಯಿಗೆ ಮೊದಲೇ ಬೆನ್ನುಹುರಿಯ ಡಿಸ್ಕಿನ ತೊಂದರೆಯಿತ್ತು. ಮರುದಿನದಿಂದ ಹದಿನೈದು ದಿನ ಮಂಚ ಬಿಟ್ಟೇಳಲಿಲ್ಲ. ಮಗ ನೌಕರಿಗೆ ಹೋದ ಮೇಲೆ ನರಳುವುದು, ಅವನು ಬರುವ ಹೊತ್ತಿಗೆ ಗೋಡೆ ಹಿಡಿದು ಎದ್ದು ಕೂಡುವುದು. “ಅವಗ ಹೇಳಬ್ಯಾಡ್ರಿ. ಅವರ ಅಪ್ಪನ ಕಾರು, ಅದರಾಗರ ಖುಷಿ ಪಡಲಿ” ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಳು. ಐದಾರು ದಿನ ಆ ಮಾತನ್ನು ಉಳಿಸಿಕೊಂಡೆವು. ಏಳನೆಯ ದಿನ ಮುರಿದೆವು. ಹುಡುಗ ಕಟ್ಟೆಯ ಮೇಲೆ ಕುಳಿತವನು ರಾತ್ರಿ ಹತ್ತಾದರೂ ಊಟಕ್ಕೆ ಏಳಲಿಲ್ಲ. ನಾವೂ ಪಕ್ಕದಲ್ಲಿ ಕುಳಿತೆವು. “ನೀವು ಯಾಕ ಕೇಳಲಿಲ್ಲ ನನ್ನ, ರೊಕ್ಕ ಕೊಡೂ ಮುಂದ?” ಎಂದ. ಅದು ಆಕ್ಷೇಪಣೆಯೋ ಪಶ್ಚಾತ್ತಾಪವೋ ನಮಗೆ ತಿಳಿಯಲಿಲ್ಲ, ಉತ್ತರವಂತೂ ಇರಲಿಲ್ಲ. ಇನ್ನು ಮೇಲೆ ಕೇಳುತ್ತೇವೆ ಎಂದೆವು. ಹಾಗೆ ಪ್ರಾರಂಭವಾಯಿತು ನಮ್ಮ ವಿದ್ಯಾಭ್ಯಾಸ.

ಅವನು ಹೇಳಿದುದರಲ್ಲಿ ನಮಗೆ ತಿಳಿದಷ್ಟನ್ನು ಇಲ್ಲಿ ಕೊಡುತ್ತೇವೆ. ಸ್ಪ್ರಿಂಗಿನ ಸುತ್ತುಗಳು ಕಡಿಮೆಯಾದಷ್ಟೂ ಅದು ಬಿರುಸಾಗುತ್ತದೆ. ಆರು ಸುತ್ತಿನದನ್ನು ನಾಲ್ಕೂವರೆ ಮಾಡಿದರೆ ಬಿರುಸು ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ತಂತಿಯ ದಪ್ಪದ ಪರಿಣಾಮವಂತೂ ಇನ್ನೂ ಆಶ್ಚರ್ಯಕರ: ದಪ್ಪವು ನೂರಕ್ಕೆ ಹತ್ತು ಹೆಚ್ಚಿದರೆ ಬಿರುಸು ನೂರಕ್ಕೆ 46ರಷ್ಟು ಹೆಚ್ಚುತ್ತದೆ. ಆದರೆ ಕತ್ತರಿಸಿದ ಸ್ಪ್ರಿಂಗಿನ ಉದ್ದವೂ ಕುಗ್ಗಿರುತ್ತದಲ್ಲ? ಚಕ್ರ ತಗ್ಗಿನಲ್ಲಿ ಇಳಿದು ಕೆಳಗೆ ಜೋತುಬಿದ್ದಾಗ ಅದು ಎರಡು ನೆಲೆಗಳ ನಡುವೆ ಬಿಗಿಯಾಗಿ ನಿಲ್ಲದೆ ಸಡಿಲಾಗಿ ಆಡುತ್ತದೆ. ಸ್ವಿಫ್ಟಿನಲ್ಲಿ ಹಿಂದಿನ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಮೈಸುತ್ತ ಇರದೆ ಬೇರೆಯಾಗಿಯೇ ನಿಂತಿರುವುದರಿಂದ ಅದು ಜಾರಿ ಬೀಳಲು ದಾರಿ ಸುಲಭ. ಹಳಿಯಾಳದ ಈಚೆ ಆದದ್ದು ಅದೇ.

ಶಾಕ್ ಅಬ್ಸಾರ್ಬರ್ ಎಂಬ ಹೆಸರನ್ನು ನಮ್ಮಂಥ ಶಬ್ದಶಾಸ್ತ್ರದವರು ಒಪ್ಪುವಂತಿಲ್ಲ. ಆಘಾತವನ್ನು ಮೊದಲು ಮೈಮೇಲೆ ತೆಗೆದುಕೊಳ್ಳುವುದು ಸ್ಪ್ರಿಂಗು. ತೆಗೆದುಕೊಂಡುದನ್ನು ಅದು ಹಾಗೆಯೇ ಹಿಂದಿರುಗಿಸುತ್ತದೆ, ಕಾರು ಮೇಲೆ ಕೆಳಗೆ ತೂಗಾಡುತ್ತದೆ. ಆ ತೂಗಾಟವನ್ನು ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ನುಗ್ಗಿಸಿ, ಬಿಸಿಯಾಗಿ ಮಾರ್ಪಡಿಸಿ ಆರಿಸುವುದಷ್ಟೇ ಈ ಕೊಳವೆಯ ಕೆಲಸ. ಮೆತ್ತನೆಯ ಸ್ಪ್ರಿಂಗಿಗೆಂದು ರಚಿಸಿದ ಕೊಳವೆಯು ಬಿರುಸಾದ ಸ್ಪ್ರಿಂಗನ್ನು ಹಿಡಿಯಲಾರದು. ಅದರ ಮೇಲೆ, ಕಾರು ಕೆಳಗೆ ಕುಳಿತಿರುವುದರಿಂದ ಕೊಳವೆಗೆ ಚಲಿಸಲು ಉಳಿದ ಜಾಗವೇ ಕಡಿಮೆ. ತುಸು ದೊಡ್ಡ ತಗ್ಗಿಗೂ ಅದು ತಳದ ರಬ್ಬರಿಗೆ ಬಡಿಯುತ್ತದೆ. ಆ ಬಡಿತವೇ ನೇರವಾಗಿ ಕೂತವರ ಬೆನ್ನಿಗೆ.

ಈ ವಿಷಯದಲ್ಲಿ ಮಾರಿಸ್ ಆಲಿ ಎಂಬ ಆಂಗ್ಲ ಇಂಜಿನಿಯರನು 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನಲ್ಲಿ ಮಾಡಿದ ಪ್ರಯೋಗಗಳನ್ನು ಕೇಳಿ ನಮಗೆ ಬಹಳ ಸಂತೋಷವಾಯಿತು. ಕಾರೊಂದಕ್ಕೆ ತೂಕಗಳನ್ನು ಹೇರಿ, ಅತ್ತಿತ್ತ ಸರಿಸಿ, ಜನರನ್ನು ಕೂಡಿಸಿ, ಯಾವಾಗ ಹಿತವೆನಿಸುತ್ತದೆಂದು ಕೇಳುತ್ತ ಹೋದವನು ಆತ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ನಿಧಾನವಾಗಿ ತೂಗಿದರೆ ಕಾರು ಮುಗ್ಗರಿಸದೆ ಮಟ್ಟವಾಗಿ ಹೋಗುತ್ತದೆಂದು ಕಂಡುಕೊಂಡ. ಏಕೆಂದರೆ ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ. ತಡವಾಗಿ ಹೊರಟ ಹಿಂಬದಿಯು ವೇಗವಾಗಿ ತೂಗಿ ಅದನ್ನು ಕೂಡಿಕೊಳ್ಳಬೇಕು. ಸಾಮಾನ್ಯ ಕಾರು ನಿಮಿಷಕ್ಕೆ ಅರವತ್ತರಿಂದ ತೊಂಬತ್ತು ಸಲ ತೂಗುವಂತೆ ಇರುತ್ತದಂತೆ. ನಾವು ಬೆಳಗಿನ ವಾಯುಸೇವನೆಯಲ್ಲಿ ಹೆಜ್ಜೆ ಎಣಿಸಿ ನೋಡಿದೆವು: ನಿಮಿಷಕ್ಕೆ 84. ಹುಟ್ಟಿದಂದಿನಿಂದ ದೇಹಕ್ಕೆ ರೂಢಿಯಾದ ಲಯವದು. ಓಟದ ಕಾರುಗಳು ಇದರ ಒಂದೂವರೆ, ಎರಡು ಪಟ್ಟು ವೇಗದಲ್ಲಿ ತೂಗುತ್ತವೆ. ಅದನ್ನು ಬೆನ್ನುನೋವಿನ ತಾಯಂದಿರಿಗಾಗಿ ಮಾಡಿರುವುದಿಲ್ಲ.

ಇನ್ನೊಂದು ಮಾತು ನಮಗೆ ತರ್ಕದ ಪಾಠದಂತೆ ರುಚಿಸಿತು. ಕಾರನ್ನು ಕೆಳಗಿಳಿಸಿದಷ್ಟೂ ತಿರುವಿನಲ್ಲಿ ಹೊರಳುವುದು ಕಡಿಮೆಯೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಮುಂಚಕ್ರದ ಕೆಳಗಿನ ತೋಳು ಸಹಜವಾಗಿ ಚಕ್ರದ ಕಡೆಗೆ ತುಸು ಇಳಿದಿರುತ್ತದೆ. ಕಾರನ್ನು ವಿಪರೀತ ಇಳಿಸಿದರೆ ಅದೇ ತೋಳು ಚಕ್ರದ ಕಡೆಗೆ ಏರುತ್ತದೆ. ಆಗ ಕಾರಿನ ಮೈ ಯಾವ ಬಿಂದುವಿನ ಸುತ್ತ ಹೊರಳುತ್ತದೋ ಆ ಬಿಂದುವು ಕಾರಿನ ತೂಕದ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗೆ ಹೋಗುತ್ತದೆ; ಎರಡರ ಅಂತರ ಹೆಚ್ಚಿ, ಹೊರಳಿಸುವ ಬಲವೂ ಹೆಚ್ಚುತ್ತದೆ. ಯಾವುದನ್ನು ತಪ್ಪಿಸಲು ಹೊರಟೆವೋ ಅದನ್ನೇ ಬೆಳೆಸಿದಂತಾಯಿತು. ಮೇಲಾಗಿ, ತಿರುವಿನಲ್ಲಿ ಹೊರಚಕ್ರಗಳ ಮೇಲೆ ಬೀಳುವ ಒಟ್ಟು ಹೊರೆಯನ್ನು ಯಾವ ಸ್ಪ್ರಿಂಗೂ ಹೆಚ್ಚಾಗಿ ತಗ್ಗಿಸಲಾರದು; ಅದು ಮುಖ್ಯವಾಗಿ ತೂಕ, ಎತ್ತರ, ಚಕ್ರಗಳ ನಡುವಿನ ಅಗಲಗಳಿಗೆ ಸೇರಿದ್ದು. ಆ ಹೊರೆಯಲ್ಲಿ ಮುಂದಿನದಕ್ಕೆಷ್ಟು, ಹಿಂದಿನದಕ್ಕೆಷ್ಟು ಎಂಬ ಪಾಲನ್ನು ಮಾತ್ರ ಸ್ಪ್ರಿಂಗುಗಳು ಹಂಚುತ್ತವೆ.

ಎಂಟು ತಿಂಗಳು ಹಣ ಕೂಡಿಸಿ ಅವನು ಕೆಲಸವನ್ನು ಹೊಸದಾಗಿ ಮಾಡಿಸಿದ. ಈ ಸಲ ನಾವು ಹಣ ಕೊಡಲಿಲ್ಲ, ಪ್ರಶ್ನೆಗಳನ್ನು ಕೊಟ್ಟೆವು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳನ್ನು ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ತರಿಸಿದ. ಬಿರುಸು ಮೂಲಕ್ಕಿಂತ ನೂರಕ್ಕೆ ಮೂವತ್ತು ಹೆಚ್ಚು. ತೂಗುವ ವೇಗ ಹೆಚ್ಚಿದ್ದು ನೂರಕ್ಕೆ ಹದಿನಾಲ್ಕೇ. ನೆಲದಿಂದ 170 ಮಿ.ಮೀ. ಇದ್ದ ಎತ್ತರದಲ್ಲಿ ಮೂವತ್ತು ಮಾತ್ರ ಇಳಿಸಿದ. ಬಳಲಿದ ರಬ್ಬರ್ ಬುಷ್‌ಗಳಿಗೆ ಬದಲು ಕಂಪನಿಯ ಹೊಸ ರಬ್ಬರಿನವನ್ನೇ ಹಾಕಿಸಿದ. ಗಟ್ಟಿ ಪ್ಲಾಸ್ಟಿಕ್ಕಿನಂಥವು ಕೀರಲು ಸದ್ದು ಮಾಡಿ ಮನೆಯವರ ತಲೆ ತಿನ್ನುತ್ತವಂತೆ. ಒಳ್ಳೆಯ ಟೈರು, ಬ್ರೇಕಿನ ಹೊಸ ಎಣ್ಣೆ, ಆಮೇಲೆ ಚಕ್ರಗಳ ಅಲೈನ್‌ಮೆಂಟು. ನಮ್ಮನ್ನು ಕೇಳಿದರೆ ಟೈರಿನಿಂದಲೇ ಪ್ರಾರಂಭಿಸಬೇಕಾಗಿತ್ತು. ನೆಲವನ್ನು ಮುಟ್ಟುವುದು ಅದೊಂದೇ ಅಲ್ಲವೆ?

ಕಾಯ್ದೆಯ ಮಾತನ್ನೂ ಹೇಳದೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿಯೇ ಹೇಳಿದೆ. ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಲಿಖಿತವಾಗಿ ತಿಳಿಸಿದ ಹೊರತು ಕಾರು ಗ್ಯಾರೇಜಿಗೆ ಹೋಗಕೂಡದೆಂದು ಪಟ್ಟು ಹಿಡಿದೆವು. ಹುಡುಗ ಎರಡು ವಾರ ಮುಖ ಉಬ್ಬಿಸಿಕೊಂಡಿದ್ದು ಆಮೇಲೆ ಎರಡನ್ನೂ ಮಾಡಿದ.

ಕೊಯಮತ್ತೂರಿಗೆ ನಮ್ಮನ್ನೂ ಕರೆದೊಯ್ದ. ಬೆಂಗಳೂರಿನಲ್ಲಿ ಬೀಗರ ಮನೆಯಲ್ಲಿ ಒಂದು ರಾತ್ರಿ ತಂಗಿ ಎಂಟುನೂರು ಕಿ.ಮೀ.ಗಳಷ್ಟು ದಾರಿ ಹೋದೆವು. ನಮ್ಮ ಪಾಲಿಗೆ ಅಲ್ಲಿ ಒಪ್ಪಿಸಿದ ಕೆಲಸ ವಹಿ ಬರೆಯುವುದು. ಟೈರಿನ ಗಾಳಿ ತಣ್ಣಗಿದ್ದಾಗ 32. ಐದು ಸುತ್ತು ಓಡಿ ಬಂದಾಗ 38. ಬಿಸಿಯಾದ ಗಾಳಿ ಹಿಗ್ಗುತ್ತದೆ, ಟೈರು ಉಬ್ಬಿ ನೆಲದ ಮೇಲಿನ ಹಿಡಿತ ಬಿಡುತ್ತದೆ. 34ಕ್ಕೆ ಇಳಿಸಿದೆವು. ಮುಂಚಕ್ರಗಳೇ ಎಳೆಯುವ, ಅವೇ ತಿರುಗಿಸುವ ಕಾರಾದುದರಿಂದ ವೇಗ ಹೆಚ್ಚಾದರೆ ಅದು ತಿರುಗದೆ ನೇರವಾಗಿ ಹೊರಕ್ಕೆ ಸರಿಯುತ್ತದೆ. ಹಿಂಬದಿಯನ್ನು ಬಿಗಿಗೊಳಿಸಿದರೆ ಮುಂಬದಿಗೆ ಬಿಡುವು ಸಿಗುತ್ತದೆಂದು ಅವನು ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ನಾಲ್ಕು ಹಂತ ಬಿಗಿ ಮಾಡಿದ. ಅದೇ ಉಸಿರಿನಲ್ಲಿ ಹಿಂದಿನ ಗಾಳಿಯನ್ನೂ ಬದಲಿಸಿದ. ಮೂರನೆಯ ಸುತ್ತಿನಲ್ಲಿ, ತಿರುವಿನ ನಡುವೆ ವೇಗ ತಗ್ಗಿಸಲೆಂದು ಕಾಲು ತೆಗೆದದ್ದೇ ತಡ, ಕಾರಿನ ಬಾಲ ಮುಂದೆ ಬಂತು. ಧೂಳೆದ್ದಿತು. ನಮಗೆ ಕಾರು ಕಾಣಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಕೈಯಲ್ಲಿದ್ದ ಪೆನ್ನು ವಹಿಯನ್ನು ತೂತು ಮಾಡಿತ್ತು.

ಹುಲ್ಲಿನ ಮೇಲೆ ನಿಂತಿತ್ತು ಕಾರು. ಅವನು ಬೆವರಿ ಬಂದ. “ಯಾವದರಿಂದ ಆತು ಇದು?” ಎಂದು ಕೇಳಿದೆವು. ತಿಳಿಯದು ಎಂದ. ತಿಳಿಯುವುದಾದರೂ ಹೇಗೆ? ನಾವು ತಾಳೆಗರಿಯ ಪ್ರತಿಗಳನ್ನು ಪರಿಷ್ಕರಿಸುವಾಗ ಒಂದು ಅಕ್ಷರವನ್ನು ತಿದ್ದಿ, ಪದ್ಯವನ್ನು ಪೂರ್ತಿ ಓದಿ, ಛಂದಸ್ಸು ಕೆಟ್ಟಿತೆ ಎಂದು ನೋಡದೆ ಮುಂದಿನ ಅಕ್ಷರಕ್ಕೆ ಕೈಹಾಕಬಾರದೆಂದು ಗುರುಗಳು ಬೆತ್ತ ಹಿಡಿದು ಕಲಿಸಿದ್ದರು. ಅದನ್ನೇ ಅವನಿಗೆ ಹೇಳಿದೆವು. ಎಲ್ಲವನ್ನೂ ಮೊದಲಿನಂತೆ ಮಾಡಿ ಒಂದೊಂದೇ ಬದಲಿಸಿದ. ಎರಡು ಹಂತದ ಬಿಗಿಯೇ ಸಾಕೆಂದು ಕಂಡಿತು. ಸಂಜೆಯ ಹೊತ್ತಿಗೆ ಒಂದು ಸುತ್ತಿನಲ್ಲಿ ಮೂರು ಸೆಕೆಂಡು ಉಳಿದಿತ್ತು. ಇಷ್ಟಕ್ಕಾಗಿ ಇಷ್ಟೆಲ್ಲವೇ ಎಂದು ಈಗಲೂ ನಮಗೆ ಅನಿಸುವುದುಂಟು. ಅವನಿಗೆ ಹಾಗೆ ಹೇಳುವುದಿಲ್ಲ.

ಹೊಸ ಸ್ಪ್ರಿಂಗುಗಳ ಕಾರಿನಲ್ಲಿ ತಾಯಿ ಆರು ತಿಂಗಳು ಕೂಡಲಿಲ್ಲ. ಅವನೂ ಕರೆಯಲಿಲ್ಲ. ಕಳೆದ ಶ್ರಾವಣದಲ್ಲಿ ಒಂದು ಸೋಮವಾರ ಆಕೆಯೇ ಸೀರೆಯ ಸೆರಗು ಸರಿಪಡಿಸಿಕೊಂಡು ಬಂದು, ಮುಂದಿನ ಆಸನದ ಬಾಗಿಲು ತೆಗೆದು ಕುಳಿತಳು. ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ ಬಂದೆವು. ದಾರಿಯಲ್ಲಿ ಏಳು ಉಬ್ಬುಗಳಿದ್ದವು. ನಾವು ಹಿಂದೆ ಕುಳಿತು ಎಣಿಸುತ್ತಿದ್ದೆವು. ಹುಡುಗ ಒಂದು ಮಾತನ್ನೂ ಆಡಲಿಲ್ಲ. ಮನೆಯ ಮುಂದೆ ಇಳಿಯುವಾಗ ಆಕೆ, “ನಿಮ್ಮಪ್ಪ ಇದ್ದಾಗಿಗಿಂತ ಸ್ವಲ್ಪ ಬಿರಸ ಐತಿ. ಆದರ ಕುಣಿಯೂದಿಲ್ಲ” ಎಂದಳು. ಆಮೇಲೆ, ಕೊಯಮತ್ತೂರಿಗೆ ಮತ್ತೆ ಯಾವಾಗ ಹೋಗುವುದೆಂದು ಕೇಳಿ, ಎರಡು ದಿನದ ದಾರಿಗೆ ಎಷ್ಟು ಖಡಕ್ ರೊಟ್ಟಿ ಬೇಕಾದಾವೆಂದು ಲೆಕ್ಕ ಹಾಕುತ್ತ ಒಳಗೆ ಹೋದಳು.