ನೈಲ್ ನದಿಯ ತವರು

ನೈಲ್ ನದಿಯು ಎಲ್ಲಿ ಹುಟ್ಟುತ್ತದೆಂಬ ಪ್ರಶ್ನೆಯು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಪಂಡಿತರನ್ನು ಕಾಡಿತು. ಬಂಗಾಳದ ಸೈನ್ಯದಲ್ಲಿದ್ದ ಸ್ಪೀಕ್ ಎಂಬ ಆಂಗ್ಲನು 1858ರಲ್ಲಿ ಆಫ್ರಿಕಾಖಂಡದ ಮಧ್ಯದಲ್ಲಿ ಮಹಾಸರೋವರವೊಂದನ್ನು ಕಂಡು, ತನ್ನ ರಾಣಿಯ ಹೆಸರಿನಿಂದ ಅದನ್ನು ವಿಕ್ಟೋರಿಯ ಎಂದು ಕರೆದನು. ತೀರದ ಗಾಂಡಾ ಜನರಿಗಾದರೋ ಅದು ಮೊದಲಿನಿಂದಲೂ ನಲುಬಾಲೆ. 1862ರಲ್ಲಿ ಅದರ ಉತ್ತರದ ದಡದಿಂದ ನೈಲ್ ಹೊರಡುವುದನ್ನೂ ಸ್ಪೀಕನು ನೋಡಿದನು.

ಸಂಸ್ಕೃತ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವುಂಟು. ಹಿಂದೂ ಪುರಾಣಗಳನ್ನು ಆಧರಿಸಿ ವಿಲ್ಫರ್ಡ್ ಎಂಬವನು ರಚಿಸಿದ್ದ ನೈಲ್ ನದಿಯ ನಕ್ಷೆಯನ್ನು ಸ್ಪೀಕನು ತನ್ನ ಗ್ರಂಥದಲ್ಲಿ ಶ್ಲಾಘಿಸಿದ್ದಾನೆ. ಆದರೆ ತನ್ನ ಪಂಡಿತನು ಹಸ್ತಪ್ರತಿಗಳನ್ನು ತಿದ್ದಿ, ಬೇಕಾದ ಶ್ಲೋಕಗಳನ್ನು ತಾನೇ ಹೊಸೆದು ಸೇರಿಸಿದ್ದನೆಂದು ವಿಲ್ಫರ್ಡನೇ 1805ರಲ್ಲಿ ಪ್ರಕಟವಾದ ಲೇಖನದಲ್ಲಿ ಒಪ್ಪಿಕೊಂಡಿದ್ದನು! ಇಂತಹ ಕೂಟಶ್ಲೋಕಗಳಿಂದ ನಮ್ಮ ಪುರಾಣಗಳಿಗೆ ಯಾವ ಗೌರವವೂ ಬರಲಾರದು.

ನದೀಮೂಲವನ್ನು ಅರಸಿದವರು ಈ ಸರೋವರದ ನಿಜವಾದ ನಿಧಿಯನ್ನು ಗಮನಿಸಲಿಲ್ಲ. ಆ ನಿಧಿಯೆಂದರೆ ಮೀನು. ಮತ್ಸ್ಯಾಹಾರವಿಲ್ಲದ ವಾಚಕರು ಮುಖ ತಿರುಗಿಸಬಾರದಾಗಿ ಬೇಡುತ್ತೇನೆ. ಸರೋವರದ ವಿಸ್ತೀರ್ಣವು ಸುಮಾರು 68,800 ಚದರ ಕಿಲೋಮೀಟರು. ಆಳವು ಮಾತ್ರ ಎಲ್ಲಿಯೂ 80 ಮೀಟರುಗಳನ್ನು ಅಷ್ಟಾಗಿ ಮೀರದು. ಅದಕ್ಕೆ ನೀರಿನ ಬಹುಭಾಗವು ತನ್ನ ಮೇಲೆಯೇ ಸುರಿಯುವ ಮಳೆಯಿಂದ ಬರತಕ್ಕದ್ದು. ಆದಕಾರಣ ಸುಮಾರು 15,000 ವರ್ಷಗಳ ಹಿಂದೆ, ಮಳೆ ಕಡಿಮೆಯಾದಾಗ, ಅದು ಬತ್ತಿಹೋಗಿತ್ತೆಂದು ಶಾಸ್ತ್ರಜ್ಞರು ತಳದ ಕೆಸರಿನಿಂದ ಕಂಡುಕೊಂಡಿದ್ದಾರೆ. ಮತ್ತೆ ತುಂಬಿದಮೇಲೆ ಒಂದೇ ಕುಲದ ಸಣ್ಣ ಮೀನುಗಳು ಕವಲೊಡೆದು ಐನೂರರಷ್ಟು ಜಾತಿಗಳಾದುವು. ಒಂದು ಪಾಚಿಯನ್ನು ಮೇಯುವುದು, ಒಂದು ಬಸವನಹುಳುವನ್ನು ಒಡೆಯುವುದು, ಮತ್ತೊಂದು ಮರಿಗಳನ್ನು ಬಾಯಿಯಲ್ಲಿಟ್ಟು ಸಾಕುವುದು!

ಈ ಸಂಸಾರದೊಳಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ಹೊರಗಿನ ಮೀನನ್ನು ತಂದುಬಿಟ್ಟರು. ಆಳೆತ್ತರಕ್ಕೂ ಮಿಗಿಲಾಗಿ ಬೆಳೆಯುವ ಈ ಬಕಾಸುರನು 1980ರ ದಶಕದಲ್ಲಿ ಹಬ್ಬಿದನು. ಸಣ್ಣ ಮೀನುಗಳಲ್ಲಿ ಸುಮಾರು ಇನ್ನೂರು ಜಾತಿಗಳು ಕಾಣದಾದುವು. ಪಾಚಿ ಮೇಯುವವು ಹೋದುವು, ಹೊಲ, ಪಟ್ಟಣಗಳ ಕೊಳೆಯೂ ಬಂದು ಸೇರಿತು, ತಿಳಿನೀರು ಹಸುರಾಯಿತು.

ಪರ್ಚಿನಿಂದ ಹಣ ಬರಲಿಲ್ಲವೆಂದು ಹೇಳಲಾಗದು. ಯೂರೋಪಿಗೆ ಮಾಂಸ ಕಳುಹಿಸುವ ಕಾರ್ಖಾನೆಗಳು ತೀರದಲ್ಲೆಲ್ಲ ಎದ್ದುವು. ಆದರೆ ಹಿಂದಿನ ಸಣ್ಣ ಮೀನನ್ನು ಬಿಸಿಲಿನಲ್ಲಿ ಒಣಗಿಸಿದರೆ ಸಾಕಾಗಿತ್ತು. ಕೊಬ್ಬಿದ ಪರ್ಚಿಗೆ ಹೊಗೆಯಿಕ್ಕಬೇಕು, ಹೊಗೆಗೆ ಸೌದೆ ಬೇಕು. ದಡದ ಮರಗಳು ಒಲೆಗೆ ಹೋದುವು. ಬಡವರ ಊಟಕ್ಕೆ ಈಗಲೂ ಮುಕೇನೆ ಎಂಬ ಬೆರಳುದ್ದದ ಬೆಳ್ಳಿಮೀನೇ ಗತಿ. ಅದನ್ನು ರಾತ್ರಿ ದೀಪ ತೋರಿಸಿ ಹಿಡಿಯುತ್ತಾರೆ. ಬೆಳಗಾದಮೇಲೆ ಹೆಂಗಸರು ತೀರದ ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ.